ಹಂಗಿಲ್ಲದ ಕುರ್ಚಿ

ಸೇಡಂನ ಮುಧೋಳ ರಸ್ತೆಯಲ್ಲಿ ಒಂದು ಬಾಡಿಗೆ ಶೆಡ್ಡು. ಅದರಲ್ಲಿ ಸಂಗಣ್ಣನ ಬಡಿಗತನ. ದೇವರ ಮಣೆಯಿಂದ ಹಿಡಿದು ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೆ ಯಾರು ಏನು ಕೇಳಿದರೂ ಹೇಳಿದ ಅಳತೆಗೆ ಮಾಡಿಕೊಡುತ್ತಿದ್ದ. ಕೈ ಚೆನ್ನಾಗಿತ್ತು, ಬಾಯಿ ಮಾತ್ರ ಕೆಲಸಕ್ಕೆ ಬಾರದ್ದು. ಗಿರಾಕಿ "ಎಷ್ಟಾತು?" ಎಂದರೆ ಸಾಕು, "ತಿಳದು ಕೊಡ್ರಿ" ಎಂದುಬಿಡುತ್ತಿದ್ದ. ತಿಳಿದು ಕೊಡುವವರು ಎಷ್ಟು ಕೊಡುತ್ತಾರೆ ಎಂದು ಬಿಡಿಸಿ ಹೇಳಬೇಕೇ? ಇನ್ನು "ಅಣ್ಣಾ", "ಮಾವಾ" ಎನ್ನುತ್ತ ಬಂದವರಿಂದ ಕಟ್ಟಿಗೆಯ ದುಡ್ಡೂ ಪೂರ್ತಿ ಹುಟ್ಟುತ್ತಿರಲಿಲ್ಲ.

ಪಾಪ, ಅವನೊಬ್ಬನದೇ ತಪ್ಪೂ ಅಲ್ಲ. ಅವನಪ್ಪ ಆಡಕಿ ಎಂಬ ಹಳ್ಳಿಯಲ್ಲಿ ರೈತರ ಕುಂಟೆ, ಕೂರಿಗೆ, ಬಂಡಿ ಮಾಡಿಕೊಡುತ್ತಿದ್ದ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಆಯದ ಜೋಳ ಚೀಲಕ್ಕೆ ಬೀಳುತ್ತಿತ್ತು, ಇಡೀ ವರ್ಷದ ಕೆಲಸಕ್ಕೆ ಅದೇ ಕೂಲಿ. ಯಾವ ಕೆಲಸಕ್ಕೂ ಆತ ಬೆಲೆ ಹೇಳಿದವನಲ್ಲ. ಮಗನಿಗೆ ಉಳಿ ಬಂತು, ಬಾಚಿ ಬಂತು, ಬೆಲೆ ಹೇಳುವ ಬಾಯಿ ಮಾತ್ರ ಬರಲಿಲ್ಲ.

ಹೆಂಡತಿ ಚಂದ್ರಕಲಾ ತನ್ನ ಹೊಲಿಗೆಯ ದುಡ್ಡಿನಿಂದಲೇ ಶೆಡ್ಡಿನ ಬಾಡಿಗೆ ಕಟ್ಟಿ ಕಟ್ಟಿ ಬೇಸತ್ತಿದ್ದಳು. "ಈ ತಿಂಗಳ ಬಾಡಿಗಿ ಶೆಡ್ಡೇ ದುಡಿಬೇಕು. ಇಲ್ಲಂದ್ರ ಕೀಲಿ ಹಾಕಿ ಶಹಾಬಾದಕ್ಕ ಹೋಗ್ರಿ. ನಮ್ಮಣ್ಣ ಕಲ್ಲಿನ ಪಾಲಿಶ್ ಮಷೀನಿನ ಮ್ಯಾಲ ಕೆಲಸ ಕೊಡಸ್ತಾನ," ಎಂದಿದ್ದಳು. ದುಡಿಮೆಗೆ ಸಂಗಣ್ಣ ಅಂಜುವವನಲ್ಲ. ಆದರೆ ಕಟ್ಟಿಗೆಯ ವಾಸನೆ ಬಿಟ್ಟು ಬದುಕುವುದು ಅವನಿಂದ ಆಗದ ಮಾತಾಗಿತ್ತು.

ಆ ತಿಂಗಳು ಕೈಯಲ್ಲಿದ್ದ ದೊಡ್ಡ ಕೆಲಸ ಒಂದೇ, ಶರಣಬಸಮ್ಮನವರ ಕುರ್ಚಿ. ಅವರು ಬೇಳೆ ಅಂಗಡಿಯ ಮನೆಯ ಹಿರಿಯರು. ಮೊಣಕಾಲಿನ ಆಪರೇಷನ್ ಆದಮೇಲೆ ನೆಲಕ್ಕೆ ಕೂಡಬಾರದೆಂದು ಡಾಕ್ಟರು ಹೇಳಿದ್ದರು. ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆಗೆ ಕೂತರೆ ಕೈ ನಡುಗುತ್ತಿತ್ತು. ಸಂಗಣ್ಣ ಅವರ ಮನೆಗೆ ಹೋಗಿ, ಮೊಣಕೈಯಿಂದ ಅಂಗೈಯವರೆಗೆ ದಾರ ಹಿಡಿದು ಅಳೆದು, ಸಾಗವಾನಿಯ ಕುರ್ಚಿ ಮಾಡಿದ. ಮುಂದೆ ವಿಭೂತಿ, ಪತ್ರಿ ಇಡಲು ಹಲಗೆ. ಎಡಗಡೆಯ ಕೈಹಿಡಿಯಲ್ಲಿ ಮೊಣಕೈ ಊರಲು ಒಂದು ತಗ್ಗು. ಕಟ್ಟಿಗೆ, ಪಾಲಿಶ್, ಕೂಲಿ ಎಲ್ಲ ಹಿಡಿದು ನಾಲ್ಕೂವರೆ ಸಾವಿರ ಎಂದು ಚಂದ್ರಕಲಾ ಬಾಯಿಪಾಠ ಮಾಡಿಸಿ ಕಳಿಸಿದಳು. ಆಟೋದಲ್ಲಿ ಕುರ್ಚಿ ಹಿಡಿದುಕೊಂಡು ಕೂತ ಸಂಗಣ್ಣ ದಾರಿಯುದ್ದಕ್ಕೂ ಅದನ್ನೇ ಜಪಿಸಿದ.

ಶರಣಬಸಮ್ಮ ಕುರ್ಚಿಯಲ್ಲಿ ಕೂತು, ಮೊಣಕೈಯನ್ನು ತಗ್ಗಿನಲ್ಲಿ ಊರಿ, ಬರಿ ಅಂಗೈ ಮುಂದೆ ಹಿಡಿದರು. ಕೈ ಅಲುಗಲಿಲ್ಲ. ಅವರ ಕಣ್ಣು ತುಂಬಿ ಬಂದವು.

"ಎಷ್ಟಾತು ಸಂಗಣ್ಣ?"

ನಾಲ್ಕೂವರೆ ಸಾವಿರ ಎಲ್ಲಿ ಓಡಿಹೋಯಿತೋ ಆ ಶಿವನೇ ಬಲ್ಲ. "ಪೂಜಿ ಸಾಮಾನಿಗಿ ಏನ್ ರೊಕ್ಕರಿ ಅವ್ವಾರ? ಕಟ್ಟಿಗೀದಷ್ಟ ಕೊಡ್ರಿ. ಅದೂ ಆದಾಗ ಕೊಡ್ರಿ."

ಅವರು ಕೋಲು ಊರಿ ಎದ್ದು ನಿಂತರು. "ಹಂಗಾದ್ರ ಇದನ್ನ ಒಯ್ದುಬಿಡು."

"ಯಾಕ್ರಿ? ಅಳತಿ ತಪ್ಪೇದೇನ್ರಿ?"

"ಅಳತಿ ಭಾಳ ಚಲೋ ಅದ. ಆದ್ರ ತಮ್ಮಾ, ಪೂಜಿಗಿ ಕುಂತು ನಾ ಕಣ್ಣು ಮುಚ್ಚಿದ್ರ ನನಗ ಲಿಂಗ ಕಾಣಬೇಕೊ, ನೀ ಕಾಣಬೇಕೊ? ನಿನ್ನ ಹಂಗಿನ ಕುರ್ಚಿ ಮ್ಯಾಲ ಕುಂತ್ರ ದಿನಾ ನಿನ್ನ ಮಾರಿನೇ ಕಾಣಸ್ತದ. ಪಾಪ ಸಂಗಣ್ಣ, ಅವನ ಮನ್ಯಾಗ ಒಲಿ ಹತ್ತೇದೊ ಇಲ್ಲೊ ಅಂತ. ಅದ್ಯಾವ ಪೂಜಿ?"

ಸಂಗಣ್ಣನಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ತಾನು ಬಿಟ್ಟ ದುಡ್ಡು ಇನ್ನೊಬ್ಬರ ಹೆಗಲ ಮೇಲೆ ಹೋಗಿ ಕೂಡುತ್ತದೆ ಎಂದು ಅವನು ಈವರೆಗೆ ಎಣಿಸಿಯೇ ಇರಲಿಲ್ಲ. ಉಗುಳು ನುಂಗಿದ.

"ನಾಲ್ಕೂವರಿ ಸಾವಿರ್ರಿ."

"ಅಯ್ಯ ಶಿವನ! ಅಷ್ಟ್ಯಾಕೊ? ನಾಲ್ಕು ತಗೊ, ಬಿಡು."

ಬೇಳೆ ಅಂಗಡಿಯ ಮನೆಯವರು ಚೌಕಾಸಿ ಮಾಡದೆ ಬಿಟ್ಟಾರೆಯೇ? ಎಂದಿನ ಸಂಗಣ್ಣನಾಗಿದ್ದರೆ ಅಲ್ಲಿಯೇ ಕರಗಿಹೋಗುತ್ತಿದ್ದ.

"ಇಲ್ರಿ ಅವ್ವಾರ. ಪಕ್ಕಾ ಸಾಗವಾನಿ ಅದರಿ. ನಿಮ್ಮ ಮೊಣಕೈಗಿ ಕೂಡೋತನಕ ಆ ತಗ್ಗು ಕೆತ್ತಿ ಕೆತ್ತಿ ನೋಡೀನ್ರಿ. ನಾಲ್ಕೂವರಿನೇ."

ಅವನು ಬೆಲೆ ಇಳಿಸಲಿಲ್ಲ. ಶರಣಬಸಮ್ಮ ಬಾಯಿತುಂಬ ನಕ್ಕು, ಸೊಸೆಯನ್ನು ಕೂಗಿ ರೊಕ್ಕ ತರಿಸಿ ಅವನ ಕೈಗಿಟ್ಟರು. ಮತ್ತೆ ಕುರ್ಚಿಯಲ್ಲಿ ಕೂತು, "ಈಗ ಇದು ನಂದು," ಎಂದರು.

ಶೆಡ್ಡಿನ ಬಾಡಿಗೆ ಕಟ್ಟಿಯಾಯಿತು. ಶಹಾಬಾದಿನ ಮಾತನ್ನು ಚಂದ್ರಕಲಾ ಮತ್ತೆ ಎತ್ತಲಿಲ್ಲ. ಬೆಲೆ ಹೇಳುವಾಗ ಸಂಗಣ್ಣ ಈಗಲೂ ಉಗುಳು ನುಂಗುತ್ತಾನೆ, ಆದರೆ ಹೇಳುತ್ತಾನೆ. ಬೆಳಗ್ಗೆ ತಾನು ಶೆಡ್ಡಿನ ಬಾಗಿಲು ತೆಗೆಯುವ ಹೊತ್ತಿಗೆ ಅತ್ತ ಶರಣಬಸಮ್ಮ ಪೂಜೆಗೆ ಕೂತಿರುತ್ತಾರೆಂದು ಅವನಿಗೆ ಗೊತ್ತು. ಮೊಣಕೈ ತಗ್ಗಿನಲ್ಲಿ, ಅಂಗೈಯಲ್ಲಿ ಲಿಂಗ, ಕಣ್ಣು ಮುಚ್ಚಿ. ಆ ಮುಚ್ಚಿದ ಕಣ್ಣಿನೊಳಗೆ ತಾನು ಎಲ್ಲಿಯೂ ಇಲ್ಲವಲ್ಲ ಎಂದು ಸಮಾಧಾನಪಟ್ಟು, ಆ ತಾಯಿಗೆ ನಿಂತಲ್ಲಿಂದಲೇ ಕೈಮುಗಿದು, ಉಳಿ ಹಿಡಿಯುತ್ತಾನೆ.