ವೇಣುವಿನ ನಂಬರು, ನರೇಶನ ವೆಲ್ಡಿಂಗ್

ಹಡಗಿನ ಎಂಜಿನ್ನಿನ ಹೊಗೆ ಪೈಪು ಬಿರುಕು ಬಿಟ್ಟದ್ದು ಎಲ್ಲೋ ಸಮುದ್ರದ ಮೇಲೆ. ಮಾನ ಹೋದದ್ದು ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ವೇಣುವಿನದು. ಆ ಪೈಪು ತಯಾರಾದ ಬಂಗಾರಪೇಟೆಯ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಿದವನು ಪಕ್ಕದಲ್ಲೇ ತನ್ನ ನಂಬರಿನ ಅಚ್ಚು ಹೊಡೆಯಬೇಕು. ಒಡೆದ ಜಾಗದಲ್ಲಿದ್ದದ್ದು ವೇಣುವಿನ ನಂಬರು. ಕೆಲಸ ಹೋಯಿತು. ಅವನಿದ್ದ ಗಣಿ ಕಾರ್ಮಿಕರ ಲೈನ್ ಮನೆಗಳವರೆಲ್ಲ 'ಒಡಕು ಪೈಪಿನ ವೇಣು' ಎಂದು ಆಡಿಕೊಂಡು ನಕ್ಕರು.

ಅವನ ಹೆಂಡತಿ ಸೆಲ್ವಿಗೆ ಹೊಟ್ಟೆ ಉರಿದುಹೋಯಿತು. ಉರಿಯದೆ ಇರುತ್ತದೆಯೇ! ಅದೇ ಶೆಡ್ಡಿನಲ್ಲಿ ವೆಲ್ಡಿಂಗ್ ಉಜ್ಜಿ ನುಣುಪು ಮಾಡುವವಳು ಅವಳು. ಆ ಪೈಪು ಮೇಸ್ತ್ರಿ ನರೇಶನ ಕೈಕೆಲಸವೆಂದು ಕಣ್ಣಾರೆ ಕಂಡಿದ್ದಳು. ಆ ಮಹಾಶಯ ವೆಲ್ಡಿಂಗ್ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನು, ಸ್ವಂತ ನಂಬರೇ ಇಲ್ಲ. ಅವಸರದ ಕೆಲಸ ಬಂದಾಗ ತಾನೇ ವೆಲ್ಡಿಂಗ್ ಮಾಡಿ, ಕೈಗೆ ಸಿಕ್ಕವರ ಅಚ್ಚು ಹೊಡೆದುಬಿಡುತ್ತಿದ್ದ. ಅವನು ಮಾಡಿದ್ದರ ಅಂಚಿನಲ್ಲಿ ಯಾವಾಗಲೂ ಸಣ್ಣ ಕೊರಕಲು ಉಳಿಯುತ್ತಿತ್ತು. ಪೈಪು ಕಾದು, ಆರಿ, ಎಂಜಿನ್ನಿನ ಜೊತೆ ಹಗಲೂ ರಾತ್ರಿ ನಡುಗಿ ನಡುಗಿ ಉಕ್ಕು ದಣಿದಾಗ ಅಲ್ಲಿಂದಲೇ ಸೀಳುವುದು. ಸೆಲ್ವಿ ಇದನ್ನು ಹೇಳಿದಾಗ ಯಜಮಾನ ಆದಿನಾರಾಯಣ, "ಗಂಡನ ಪರ ಮಾತಾಡ್ಬೇಡಮ್ಮ" ಎಂದು ಬಾಯಿ ಮುಚ್ಚಿಸಿದ್ದ.

ಸರಿ, ಮುಚ್ಚಿದಳು. ಹಲ್ಲು ಕಚ್ಚಿ ಕಾದಳು.

ಮಗಳ ಬಾಣಂತನಕ್ಕೆಂದು ವೆಲ್ಡರ್ ರಾಧ ಬೂದಿಕೋಟೆಗೆ ಹೋಗಿದ್ದಾಗ ಅವಸರದ ಕೆಲಸವೊಂದು ಬಂತು. ಸೆಲ್ವಿ ಉಳಿದವರ ಅಚ್ಚುಗಳನ್ನೆಲ್ಲ ಬಚ್ಚಿಟ್ಟು, ರಾಧಳದನ್ನು ಮಾತ್ರ ನರೇಶನ ಕೈಗೆಟುಕುವಂತೆ ಬೆಂಚಿನ ಮೇಲಿಟ್ಟಳು. ಪುಣ್ಯಾತ್ಮ ಯಾರದೆಂದು ನೋಡಲೂ ಇಲ್ಲ, ಟಣ್ ಎಂದು ಹೊಡೆದ.

ಯಜಮಾನ ಬಂದಾಗ ಸೆಲ್ವಿ ಪೈಪು ತೋರಿಸಿದಳು. "ಯಾರ ನಂಬರು ನೋಡಿ ಸಾರ್?"

"ರಾಧಂದು."

"ರಾಧಕ್ಕ ಊರಿಗೋಗಿ ವಾರ ಆಯ್ತು. ಇದನ್ನ ಮಾಡಿದ್ದು ಇವತ್ತು ಬೆಳಗ್ಗೆ!"

ನರೇಶ ಮೆಲ್ಲಗೆ ಬಾಗಿಲ ಕಡೆ ಸರಿದ. ಯಜಮಾನ ಕತ್ತಿನಪಟ್ಟಿ ಹಿಡಿದು ಕೇಳಿದ ಮೇಲೆ, ವೇಣುವಿನ ನಂಬರು ಹೊಡೆದದ್ದೂ ತಾನೇ ಎಂದು ಕಕ್ಕಿದ. ಆದಿನಾರಾಯಣ ತಲೆ ತಗ್ಗಿಸಿ, "ವೇಣುನ ನಾಳೆಯಿಂದ್ಲೇ ಕಳ್ಸಮ್ಮ" ಎಂದ.

"ಆಮೇಲೆ ಕಳಿಸ್ತೀನಿ. ಮೊದ್ಲು ಇವ್ನು ನಮ್ ಲೈನಿಗೆ ಬರ್ಲಿ."

ನರೇಶ ಕೈಮುಗಿದ. "ಅಕ್ಕಾ, ಮಾನ ಹೋಗುತ್ತೆ!"

"ಓಗ್ಲಿ ಅಂತಾನೇ ಕಣ್ಲಾ ಕರೀತಿರೋದು!"

ಸಂಜೆ ಲೈನಿನ ನಲ್ಲಿಯ ಹತ್ತಿರ ಕೊಡ ಹಿಡಿದವರೆಲ್ಲ ಸೇರಿದ್ದರು. ನರೇಶ ನೆಲ ನೋಡುತ್ತ, "ಒಡೆದ ವೆಲ್ಡಿಂಗ್ ನಂದು, ವೇಣುದಲ್ಲ" ಎಂದು ಗೊಣಗಿದ. ಬಾಗಿಲಲ್ಲಿ ನಿಂತಿದ್ದ ವೇಣುವೇ ಮುಜುಗರಪಟ್ಟು, "ಸಾಕು ಬಿಡೇ" ಎಂದ.

ಸೆಲ್ವಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಜೋರಾಗಿ ಕೂಗು ಕಣ್ಲಾ. ಕಡೇ ಮನೆಗೆ ಕೇಳಿಸ್ಲಿಲ್ಲ."