ರಸ್ತೆ ಬದಿಯ ಕಿಟಕಿಗೆ ಯಾವ ಚೌಕಟ್ಟು?

ಟೊಳ್ಳು. ಇನ್ನೊಂದು ಸಲ ಕುಟ್ಟಿದರೂ ಟೊಳ್ಳೇ. ಇಂಥ ಚೌಕಟ್ಟನ್ನು ಗೋಡೆಗೆ ಕೂರಿಸಿದರೆ ನೋಡಿದವರು ಏನಂದಾರು? ಕೂರಿಸದೆ ಹೋದರೆ ಹೆಂಡತಿ ಅಂಜನಮ್ಮ ಮಗಳ ಮನೆಗೆ ಹೊರಟೇಬಿಡುತ್ತಾಳೆ. ಏನು ಮಾಡುವುದೆಂದು ತಿಮ್ಮರಾಯಪ್ಪನಿಗೆ ತೋಚಲಿಲ್ಲ.

ಬೆಂಗಳೂರಿನ ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗ ರಾಗಿ ಬೆಳೆದ ಮನುಷ್ಯ ಆತ. ಹಲಸಿನಹಣ್ಣಾಗಲಿ, ಮಡಕೆಯಾಗಲಿ, ಬೆರಳಲ್ಲಿ ಕುಟ್ಟಿ ನೋಡದೆ ಕೊಂಡವನಲ್ಲ. ಈಗ ಹೊಲವಿದ್ದ ಜಾಗದಲ್ಲಿ ಮನೆ ಎದ್ದಿದೆ. ಮೇಲೆ ಬಾಡಿಗೆದಾರರು, ಕೆಳಗೆ ಗಂಡ ಹೆಂಡತಿ. ಮಲಗುವ ಕೋಣೆಯ ಕಿಟಕಿ ನೇರ ರಸ್ತೆಗೇ ತೆರೆಯುತ್ತದೆ. ಅದರ ಮರ ಮಳೆಗಾಲದಲ್ಲಿ ಉಬ್ಬಿ ಮುಚ್ಚಲು ಬರುವುದಿಲ್ಲ, ಬೇಸಿಗೆಯಲ್ಲಿ ಒಣಗಿ ಸಂದು ಬಿಡುತ್ತದೆ. ಆ ಸಂದಿನಲ್ಲಿ ಧೂಳೂ ಬರುತ್ತದೆ, ಜಂಕ್ಷನ್ನಿನ ಹಾರನ್ನೂ ಬರುತ್ತದೆ.

"ನಾನು ನೆಟ್ಟಗೆ ನಿದ್ದೆ ಮಾಡಿ ಯಾವ ಕಾಲ ಆಯ್ತೋ" ಎಂದು ಅಂಜನಮ್ಮ ಬೆಳಿಗ್ಗೆಯೇ ಶುರು ಮಾಡಿದ್ದಳು. "ಕಿಟಕಿ ಬದಲಾಯಿಸಿ. ಇಲ್ದಿದ್ರೆ ತಲಘಟ್ಟಪುರದಲ್ಲಿ ಮಗಳ ಹತ್ರ ಇದ್ಬಿಡ್ತೀನಿ. ನೀವು ಈ ಕಿಟಕಿ ಜೊತೆ ಸಂಸಾರ ಮಾಡ್ಕೊಂಡಿರಿ."

ತಿಮ್ಮರಾಯಪ್ಪ ಈಗ ಜಗಲಿಯ ಮೇಲೆ ಕೂತು ಚೌಕಟ್ಟಿನ ತುಂಡುಗಳನ್ನು ಒಂದೊಂದಾಗಿ ಕುಟ್ಟುತ್ತಿದ್ದ. ಅವನ್ನು ಮಾದರಿಗೆಂದು ತಂದವಳು ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ರಾಜಶ್ರೀ. ಗದಗದ ಕಡೆಯವಳು, ಮನೆ ಕಟ್ಟಿಸಿಕೊಡುವ ಆಫೀಸಿನಲ್ಲಿ ಕೆಲಸ.

"ಅಂಕಲ್, ಅದೇನ್ ಹಲಸಿನಹಣ್ಣೇನ್ರೀ ಕುಟ್ಟಿ ನೋಡಾಕ?" ರಾಜಶ್ರೀ ನಕ್ಕಳು. "ಒಳಗ ಇಣುಕಿ ನೋಡ್ರಿ. ಇದು ಯುಪಿವಿಸಿ, ಗಟ್ಟಿ ಪ್ಲಾಸ್ಟಿಕ್. ಈ ಖಾಲಿ ಗೂಡುಗಳು ಅದಾವಲ್ಲ, ಅವೇ ಬಿಸಿಲಿನ ಕಾವು ತಡೀತಾವ. ಗಟ್ಟಿ ಇರಾಕ ಒಳಗ ಉಕ್ಕಿನ ಪಟ್ಟಿ ಇರಬೇಕು. ಅಂಚಿಗೆ ರಬ್ಬರ್ ಇದ್ರ ಸಂದು ಬಿಡಂಗಿಲ್ಲ."

"ಅಲ್ಯೂಮಿನಿಯಂ ಹಾಕ್ಸಿದ್ರೆ?"

"ಹಗೂರ, ಗಟ್ಟಿ. ಗೆದ್ದಲಿನ ಕಾಟ ಇಲ್ಲ. ಆದ್ರ ಬಿಸಿಲಿಗೆ ಲಗೂನ ಕಾಯ್ತೈತ್ರಿ. ತೆಳು ಮಾಲು ತಗೊಂಡ್ರ ಲಾರಿ ಹೋದಾಗೆಲ್ಲ ಗಡಗಡ."

"ಕಬ್ಬಿಣ?"

"ಕಳ್ಳರು ಹೆದರ್ತಾರ. ಬಣ್ಣ ಹೋತಂದ್ರ ತುಕ್ಕು."

"ಹಂಗಾದ್ರೆ ನಮ್ಮ ಮರಕ್ಕೇನಾಗಿದೆ?"

"ಮರ ಛಲೋನ ಐತ್ರಿ. ಕಾವು ತಡೀತೈತಿ, ರಿಪೇರಿನೂ ಸುಲಭ. ಆದ್ರ ಆಗಾಗ ಪಾಲಿಶ್ ಮಾಡಿಸಬೇಕು, ಗೆದ್ದಲಿಗೆ ಔಷಧ ಹೊಡಿಸಬೇಕು. ನೀವು ಯಾವಾಗ ಮಾಡಿಸಿದ್ರಿ?"

"ಗೃಹಪ್ರವೇಶಕ್ಕೆ!" ಒಳಗಿನಿಂದ ಅಂಜನಮ್ಮನ ಉತ್ತರ ಬಂತು.

ತಿಮ್ಮರಾಯಪ್ಪ ಬಿಡಲಿಲ್ಲ. "ಪ್ಲಾಸ್ಟಿಕ್ಕು ಬಿಸಿಲಿಗೆ ಹಳದಿ ತಿರುಗಲ್ವೇನಮ್ಮ?"

"ಅಗ್ಗದ್ದು ತಿರುಗ್ತೈತ್ರಿ. ಅದಕ್ಕ ಹಾಕಿಸಿ ನಾಕಾರು ವರ್ಷ ಆದ ಮನಿ ನೋಡಬೇಕು. ಏಳ್ರಿ, ಆಂಟೀನೂ ಬರ್ಲಿ."

ರಾಜಶ್ರೀಯ ಜೊತೆ ಕೆಲಸ ಮಾಡುವ ಹೇಮಶ್ರೀಯ ಮನೆ ಜೆ.ಪಿ. ನಗರದಲ್ಲಿ, ದೊಡ್ಡ ರಸ್ತೆಯ ಅಂಚಿಗೇ ಇತ್ತು. ಅಲ್ಲಿ ಯುಪಿವಿಸಿ ಕಿಟಕಿ ಹಾಕಿಸಿ ನಾಲ್ಕಾರು ವರ್ಷವಾಗಿತ್ತು. ಹೇಮಶ್ರೀ ಎಲ್ಲರಿಗೂ ಕಾಫಿ ಕೊಟ್ಟು ಕಿಟಕಿಯ ಹಿಡಿ ತಿರುಗಿಸಿ ಮುಚ್ಚಿದಳು. ತಿಮ್ಮರಾಯಪ್ಪ ಗಾಜಿನ ಹತ್ತಿರ ನಿಂತ. ಕೆಳಗೆ ಒಬ್ಬ ಆಟೋದವನು, ಒಬ್ಬ ಬಸ್ಸಿನವನು ಕೈ ಬೀಸಿ ಜಗಳವಾಡುತ್ತಿದ್ದರು. ಒಂದು ಮಾತೂ ಕೇಳಿಸುತ್ತಿರಲಿಲ್ಲ.

"ಸದ್ದು ಪೂರ್ತಿ ನಿಲ್ಲಲ್ಲ ಅಂಕಲ್, ತುಂಬಾ ಕಮ್ಮಿ ಆಗುತ್ತೆ" ಎಂದಳು ಹೇಮಶ್ರೀ. "ಚೌಕಟ್ಟು ಒಂದೇ ಸಾಲಲ್ಲ. ಗಾಜು ದಪ್ಪ ಇರಬೇಕು. ಗೋಡೆಗೂ ಚೌಕಟ್ಟಿಗೂ ನಡುವಿನ ಸಂದು ಚೆನ್ನಾಗಿ ತುಂಬಿಸ್ಬೇಕು. ಪಕ್ಕಕ್ಕೆ ಸರಿಸೋ ಸ್ಲೈಡಿಂಗ್‌ಗಿಂತ ಬಾಗಿಲ ಥರ ತೆರೆಯೋದು ಬಿಗಿಯಾಗಿ ಕೂರುತ್ತೆ."

ತಿಮ್ಮರಾಯಪ್ಪ ಚೌಕಟ್ಟನ್ನು ಮತ್ತೆ ಕುಟ್ಟಿದ. "ಆದ್ರೂ ಟೊಳ್ಳು ಕಣಮ್ಮ. ಏನೇ ಅಂಜನಾ, ನಿಂಗೇನನ್ಸುತ್ತೆ?"

ತಿರುಗಿ ನೋಡಿದರೆ ಅಂಜನಮ್ಮ ಸೋಫಾದ ಮೂಲೆಗೊರಗಿ, ಗುರುತಿಲ್ಲದ ಮನೆ ಎಂಬ ಸಂಕೋಚವೂ ಇಲ್ಲದೆ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಕಾಫಿ ಹಾಗೇ ಇತ್ತು.

ಎಬ್ಬಿಸಲು ಹೋದ ರಾಜಶ್ರೀಗೆ ತಿಮ್ಮರಾಯಪ್ಪ ಕೈ ಅಡ್ಡ ಹಿಡಿದ. ಹೆಂಡತಿಯ ಉಸಿರು ಕೇಳಿಸುತ್ತಿತ್ತು. ಅವನು ಸ್ವಲ್ಪ ಹೊತ್ತು ಅದನ್ನೇ ಕೇಳುತ್ತ ನಿಂತ. ಆಮೇಲೆ ಪಿಸುಗುಟ್ಟಿದ: "ಅಳತೆಗೆ ಯಾವಾಗ ಬರ್ತಾರಮ್ಮ?"

ರಸ್ತೆ ಬದಿಗೆ ಯುಪಿವಿಸಿ ಬಂತು. ಅಡುಗೆಮನೆಗೆ ಸೊಳ್ಳೆಪರದೆಯಿರುವ ಅಲ್ಯೂಮಿನಿಯಂ. ಹಿತ್ತಲ ಕಡೆ ಮಳೆ ಬಿಸಿಲು ತಾಗದ ಮರದ ಕಿಟಕಿ ಪಾಲಿಶ್ ಮಾಡಿಸಿಕೊಂಡು ಹಾಗೇ ಉಳಿಯಿತು.

ನೀವೂ ಮನೆ ಕಟ್ಟಿಸುತ್ತಿದ್ದೀರಾ? ಕಿಟಕಿ ಬದಲಿಸುವ ಯೋಚನೆ ಇದೆಯೇ? ಯಾವ ಚೌಕಟ್ಟು ಒಳ್ಳೆಯದು ಎಂದು ಕೇಳುವ ಮೊದಲು, ಯಾವ ಗೋಡೆಗೆ ಎಂದು ಕೇಳಿಕೊಳ್ಳಿ. ಅಲ್ಲಿ ಬಿಸಿಲು ಹೆಚ್ಚೋ, ಮಳೆ ಹೆಚ್ಚೋ, ಸದ್ದು ಹೆಚ್ಚೋ ನೋಡಿ. ಹೊರಗಿನ ಹೊಳಪಿಗೆ ಮರುಳಾಗದೆ ಒಳಗೇನಿದೆ ಎಂದು ಇಣುಕಿ. ಕೆಲವು ವರ್ಷ ಬಳಸಿದ ಕಿಟಕಿಯಿರುವ ಮನೆಗೆ ಹೋಗಿ ಒಂದಿಷ್ಟು ಹೊತ್ತು ಕೂತು ಬನ್ನಿ. ನಿಮ್ಮ ಕೋಣೆಯಲ್ಲಿ ಮಲಗುವವರನ್ನೂ ಜೊತೆಗೆ ಕರೆದೊಯ್ಯಿರಿ.

ಅಂಜನಮ್ಮ ಈಗ ತಲಘಟ್ಟಪುರಕ್ಕೆ ಹೋದರೂ ಮಾರನೆಯ ದಿನವೇ ವಾಪಸ್ಸು. ಅಲ್ಲಿ ನಿದ್ದೆಯೇ ಬರುವುದಿಲ್ಲವಂತೆ. ಕಿಟಕಿ ಹಾಕಿಸಿದನೇ ಹೊರತು, 'ನೀನು ಹೋಗಬೇಡ' ಎಂದು ತಿಮ್ಮರಾಯಪ್ಪ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.