ಹರಕು ಫ್ರೆಂಚ್ ಅಂದವನ ಸಹಿ

ಕೊಲ್ಲಿನಾಡಿನ ಬರ್ಕಾ ಊರಿನ ಕುಂಞಮ್ಮದ್ ಬ್ಯಾರಿಗೆ ಸಿಟ್ಟು ಬಂದರೆ ಮಸ್ಕತ್ತಿನವರೆಗೂ ಎಸಿಗಳು ಬೆವರುತ್ತವೆ. ಅವನ ಟೈಪಿಂಗ್ ಅಂಗಡಿಯಲ್ಲಿ ಅರಬಿ ಅರ್ಜಿ ಹುಟ್ಟುವ ವೇಗ ಎಂಥದ್ದೆಂದರೆ, ಗಿರಾಕಿ ಬಾಯಿ ತೆರೆಯುವ ಮೊದಲೇ ಪ್ರಿಂಟರ್ ಕೊನೆಯ ಹಾಳೆ ಉಗುಳಿರುತ್ತದೆ. ಅಂಥವನೂ ಆ ದಿನ ಎಡವಿದ.

ಅಂಗಡಿಗೆ ಬಂದ ಮರ್ಲೀನ್, ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸಕ್ಕಿದ್ದವಳು, ಮಾರಿಷಸ್ಸಿಗೆ ಸೇರಿದ ರೊಡ್ರಿಗ್ಸ್ ದ್ವೀಪದವಳು. ಚಾದರ ಇಸ್ತ್ರಿ ಮಾಡುವ ಮೆಷಿನ್ ಅವಳ ಬಲಗೈ ಸುಟ್ಟಿತ್ತು. ತಪ್ಪು ಅವಳದೇ ಎಂದು ಕಂಪೆನಿ ಊರಿಗೆ ಅಟ್ಟಲು ಹೊರಟಿತ್ತು. ಕಾರ್ಮಿಕ ಕಚೇರಿಯಲ್ಲಿ ನಾಳೆ ವಿಚಾರಣೆ, ಅವಳ ಹೇಳಿಕೆ ಇವತ್ತೇ ಹೋಗಬೇಕು.

ಭಾಷೆ ಕೇಳಿದಾಗ ಅವಳು "ಕ್ರಿಯೋಲ್" ಎಂದಳು. ಅರ್ಜಿಯ ಭಾಷೆಗಳ ಪಟ್ಟಿಯಲ್ಲಿ ಅದಿಲ್ಲ. ಅವನ ಮನೆಮಾತು ಬ್ಯಾರಿ ಭಾಷೆಯೂ ಇಲ್ಲ. ಊರವರು ಬಂದರೆ ಕುಂಞಮ್ಮದ್ ಕಣ್ಣು ಮುಚ್ಚಿ ಮಲಯಾಳಂ ಒತ್ತುತ್ತಾನೆ. ಅದೇ ಅಭ್ಯಾಸಬಲದಲ್ಲಿ ಇವಳಿಗೆ ಫ್ರೆಂಚ್ ಒತ್ತಿ, ಅನುವಾದಕ್ಕೆ ಮಂಗಳೂರು ಮೂಲದ ಕ್ಲೇಟನನನ್ನು ಕರೆಸಿದ. ಕ್ಲೇಟನ್ ಅಲ್ಲಿನ ಶಾಲೆಯೊಂದರ ಫ್ರೆಂಚ್ ಮೇಷ್ಟ್ರು. ಅವನ ಟೈ ಅವನಿಗಿಂತ ಉದ್ದ.

ಮರ್ಲೀನ್ ಹತ್ತು ನಿಮಿಷ ಮಾತಾಡಿದಳು. ಏನನ್ನೋ ಕಿತ್ತು ಮೂಲೆಗೆ ಎಸೆದಂತೆ ಎಡಗೈ ಬೀಸಿದಳು.

"ಕೈ ಹಾಕಿದೆ, ಸುಟ್ಟಿತು. ಅಷ್ಟೇ ಬರೀರಿ," ಎಂದ ಕ್ಲೇಟನ್.

"ಹತ್ತು ನಿಮಿಷದ್ದು ಇಷ್ಟೇಯಾ?"

"ಇದು ಭಾಷೆಯಾ ಕುಂಞಮ್ಮದಾಕ? ಹರಕು ಫ್ರೆಂಚ್. ತೋಟದ ಆಳುಗಳು ಕಲಸಿ ಮಾಡಿದ್ದು. ಕ್ರಿಯಾಪದಕ್ಕೆ ತಲೆಯಿಲ್ಲ, ಬಾಲವಿಲ್ಲ."

ಕುಂಞಮ್ಮದನ ಕಿವಿಯಿಂದ ಹೊಗೆ ಎದ್ದಿತು. ಎದುರಿನ ಮಂದಿ ಕಟ್ಟಡಕ್ಕೆ ಬೆಂಕಿ ಬಿತ್ತೆಂದು ಓಡಿದರಂತೆ. ಓದುವಾಗ ಹಾಸ್ಟೆಲಿನಲ್ಲಿ ತನ್ನ ಬ್ಯಾರಿ ಮಾತಿಗೆ 'ಮುರುಕು ಮಲಯಾಳ' ಎಂದು ನಕ್ಕವರ ಮುಖಗಳು ಅವನಿಗೆ ಒಂದೂ ಮರೆತಿರಲಿಲ್ಲ. ಆದರೆ ಇಷ್ಟು ವರ್ಷ ಊರವರ ಅರ್ಜಿಗಳಲ್ಲಿ ಅದೇ ಮಲಯಾಳಂ ಒತ್ತಿದ್ದು ತನ್ನದೇ ಬೆರಳು. ಇವತ್ತು ಈ ಹೆಂಗಸನ್ನು ಫ್ರೆಂಚಿಗೆ ನೂಕಿದ್ದೂ ಅದೇ ಬೆರಳು. ಅದಕ್ಕೇ ಸಿಟ್ಟು ದುಪ್ಪಟ್ಟಾಯಿತು.

"ನಿನ್ನ ಅಜ್ಜಿಯ ಕೊಂಕಣಿಯನ್ನು ಹರಕು ಮರಾಠಿ ಅಂದ್ರೆ ಸುಮ್ಮನಿರ್ತೀಯಾ, ಮಾರಾಯ?"

"ಅದು ಬೇರೆ."

"ಎಂಥ ಬೇರೆ? ಆ ಆಳುಗಳು ಅದರಲ್ಲೇ ಮಕ್ಕಳನ್ನು ಸಾಕಿದ್ದಾರೆ, ಸತ್ತವರಿಗೆ ಅತ್ತಿದ್ದಾರೆ. ನಿನಗೆ ಗೊತ್ತಿಲ್ಲದ್ದಕ್ಕೆಲ್ಲ ಹರಕು ಅನ್ನಬೇಡ. ಗೊತ್ತಿಲ್ಲ ಅನ್ನು."

ಕುಂಞಮ್ಮದ್, ಇಸ್ತ್ರಿ ಮೆಷಿನಿನಂತೆ ಬಿಸಿ ಉರುಳೆಯಿರುವ ಲ್ಯಾಮಿನೇಶನ್ ಮೆಷಿನನ್ನು ಮರ್ಲೀನಳ ಮುಂದೆ ಎಳೆದ. "ಸಿಸ್ಟರ್, ಶೋ. ಸ್ಲೋ."

ಅವಳು ಉರುಳೆಯ ಮೇಲಿನ ಮುಚ್ಚಳ ಎತ್ತಿ ಪಕ್ಕಕ್ಕಿಟ್ಟು, ಒಂದೊಂದೇ ಮಾತು ಬಿಡಿಸಿದಳು. ಅರ್ಥವಾಗದ ಕಡೆ ಕ್ಲೇಟನ್ ತಿರುಗಿ ಕೇಳಿದ. ನಾಲ್ಕನೇ ಸಲಕ್ಕೆ ಅವನು ಕುಂಞಮ್ಮದನತ್ತ ನೋಡಿದ.

"ಕೈಗೆ ಅಡ್ಡ ಇರುವ ಜಾಲರಿಯನ್ನು ಸೂಪರ್‌ವೈಸರೇ ಕಿತ್ತಿದ್ದಂತೆ. ಕೆಲಸ ಬೇಗ ಆಗ್ಲಿ ಅಂತ. ಹಾಕಿ ಅಂತ ಎರಡು ಸಲ ಹೇಳಿದಳಂತೆ. ನಾನು... ಅದನ್ನು ಬಿಟ್ಟುಬಿಟ್ಟೆ."

"ನೀನು ಬಿಟ್ಟದ್ದರಲ್ಲೇ ಅವಳ ಬದುಕು ಇತ್ತು."

ಕುಂಞಮ್ಮದ್ ಹಳೆಯ ಅರ್ಜಿ ಹರಿದು, ಹೊಸದರ ಭಾಷೆಯ ಸಾಲಿನಲ್ಲಿ 'ಇತರೆ' ಒತ್ತಿ, ಕ್ರಿಯೋಲ್ ಎಂದು ಕೈಯಾರೆ ಟೈಪ್ ಮಾಡಿದ. ಹೇಳಿಕೆಯ ಕೆಳಗೆ ಇನ್ನೊಂದು ಸಾಲು ಸೇರಿಸಿದ: ಅನುವಾದಕನಿಗೆ ಈ ಭಾಷೆ ಪೂರ್ತಿ ಬರುವುದಿಲ್ಲ, ನಾಳೆಯ ವಿಚಾರಣೆಗೆ ಅದನ್ನು ಬಲ್ಲವರನ್ನು ಕರೆಸಬೇಕು.

"ಇದಕ್ಕೆ ನಾನು ಸಹಿ ಹಾಕಬೇಕಾ? ನನ್ನ ಮರ್ಯಾದೆ ಏನಾಗಬೇಕು?"

"ಅವಳ ಕೈಯಷ್ಟು ಸುಡುವುದಿಲ್ಲ. ಹಾಕು."

ಕ್ಲೇಟನ್ ಹಾಕಿದ. ಮರ್ಲೀನ್ ಪೆನ್ನು ಮುಟ್ಟಲಿಲ್ಲ. ಮೊದಲು ಪೂರ್ತಿ ಓದಿ ಹೇಳಬೇಕೆಂದು ಕ್ಲೇಟನನಿಗೆ ಬೆರಳು ತೋರಿಸಿದಳು. ಕುಂಞಮ್ಮದ್ ಅರಬಿಯನ್ನು ಸಾಲುಸಾಲಾಗಿ ಬಿಡಿಸಿದಂತೆ ಅವನು ಫ್ರೆಂಚಿನಲ್ಲಿ ಹೇಳಿದ. ಸೂಪರ್‌ವೈಸರನ ಹೆಸರು ಇಲ್ಲವೆಂದು ಅವಳು ತಡೆದಳು. ಅದನ್ನೂ ಸೇರಿಸಿದ ಮೇಲೆ, ಎಡಗೈಯಲ್ಲಿ, ನಿಧಾನಕ್ಕೆ, ತನ್ನ ಹೆಸರು ಬರೆದಳು.